ಮುಂದೆ ಓಡುತ್ತಿದ್ದವಳು

ಜೂನ್ 9

ಅತ್ತಿಗೆಗೆ ನಮಸ್ಕಾರಗಳು.

ನಾನು ಇಲ್ಲಿಗೆ ಬಂದು ಹನ್ನೊಂದು ದಿನವಾಯಿತು. ನೀವು ಎರಡು ಸಲ ಫೋನ್ ಮಾಡಿದಿರಿ, ಎತ್ತಲಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಅಣ್ಣ ಹೋದ ಮೇಲೆ ನನಗೆ ಫೋನ್ ಎಂದರೇ ಆಗುವುದಿಲ್ಲ. ಕಾಗದವಾದರೆ ನಿಧಾನವಾಗಿ ಯೋಚನೆ ಮಾಡಿ ಬರೆಯಬಹುದು. ನೀವೂ ಬರೆಯಿರಿ. ಔಷಧಿ ಅಂಗಡಿಯಲ್ಲಿ ದಿನವಿಡೀ ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲು ಓದುವವರು ನೀವು, ನನ್ನ ಅಕ್ಷರ ಏನು ಮಹಾ.

ರೂಮು ಮೂರನೇ ಮಹಡಿಯಲ್ಲಿದೆ. ತಲೆಯ ಮೇಲೆ ನೀರಿನ ಟ್ಯಾಂಕು, ಕೆಳಗೆ ಕನ್ನಡಕದ ಅಂಗಡಿ. ಸರ್ವೆ ಕಚೇರಿಯ ನಕ್ಷೆ ವಿಭಾಗದಲ್ಲಿ ಆರು ಜನ ಇದ್ದೇವೆ, ಕಿಟಕಿ ಎರಡೇ. ಹೊಸಬಳೆಂದು ನನ್ನ ಮೇಜನ್ನು ಕಕ್ಕಸಿನ ಗೋಡೆಗೆ ಒರಗಿಸಿದ್ದಾರೆ. ಹಳೆಯ ನಕ್ಷೆಗಳ ಗಡಿಗೆರೆ ತಿದ್ದುತ್ತಾ ಕೂರುತ್ತೇನೆ.

ಕಾಲು ಹೇಗಿದೆ? ಒಳಗೆ ಹಾಕಿದ ಪ್ಲೇಟು ನೋಯುತ್ತದೆಯೇ? ವರ್ಗದ ಆರ್ಡರು ಇಷ್ಟು ಬೇಗ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ನೀವು ವಾಕರ್ ಹಿಡಿದು ಬಾಗಿಲವರೆಗೆ ಬಂದು ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಸರಿಹೋಗುತ್ತದೆ ಅತ್ತಿಗೆ. ಖಂಡಿತ ಸರಿಹೋಗುತ್ತದೆ.

ರಿಲೇ ಓಟದಲ್ಲಿ ಬಂದ ಶೀಲ್ಡು ಟೈಲರಮ್ಮನ ಮನೆಯಲ್ಲೇ ಇರಲಿ, ನನಗೆ ಬೇಡ. ನೀವು ಬಿದ್ದಿರಿ, ನಿಮ್ಮ ಜಾಗದಲ್ಲಿ ನಾನು ಓಡಿದೆ. ಅದು ನಿಮ್ಮದೇ.

ನಿಮ್ಮ ನಾದಿನಿ


ಜೂನ್ 24

ಪ್ರೀತಿಯ ಕಡ್ಡಿಗೆ,

ನಲವತ್ತೈದು ವರ್ಷದ ಹೆಂಗಸನ್ನು ಕಡ್ಡಿ ಅಂತ ಕರೆಯಬೇಡಿ ಎಂದು ನಿನ್ನಣ್ಣನಿಗೆ ಎಷ್ಟು ಸಲ ಹೇಳಿದ್ದೆನೋ. ಈಗ ಅವರು ಹೋದರು, ಆ ಹೆಸರು ನನ್ನ ಬಾಯಿಗೆ ಅಂಟಿಕೊಂಡಿತು.

ಕಾಲಿನೊಳಗೆ ಒಂದು ಪ್ಲೇಟು, ಆರು ಸ್ಕ್ರೂ. ಕಣಕಾಲು ಇನ್ನೂ ಬದನೆಕಾಯಿಯ ಬಣ್ಣದಲ್ಲೇ ಇದೆ. ಫಿಸಿಯೋಥೆರಪಿಯವನಿಗೆ ದೊಡ್ಡ ಮೀಸೆ ಇದೆ, ಕರುಣೆ ಇಲ್ಲ. ನೆಲದ ಮೇಲೆ ಟವೆಲ್ ಹಾಸಿ, ಕಾಲ್ಬೆರಳಿನಿಂದಲೇ ಮುದುಡಿ ಮುದುಡಿ ಹತ್ತಿರಕ್ಕೆ ಎಳೆದುಕೊಳ್ಳಬೇಕಂತೆ. ಹತ್ತು ಸಲ ಎಳೆಯುವಷ್ಟರಲ್ಲಿ ಬೆನ್ನು ಒದ್ದೆ. ಮೊನ್ನೆ ಕೇಳಿದ, "ಐವತ್ತಕ್ಕೆ ಇನ್ನೆರಡೇ ವರ್ಷ ಇದೆ. ಇನ್ನು ಓಡಿ ಯಾರನ್ನ ಹಿಡೀಬೇಕಮ್ಮ ನೀವು?" "ನನಗಿಂತ ಮುಂದೆ ಓಡೋರನ್ನ" ಅಂದೆ. ಅವನಿಗೆ ನಗು ಬರಲಿಲ್ಲ.

ಭಾನುವಾರಗಳಲ್ಲಿ ಟೈಲರಮ್ಮ ಸ್ಕೂಟರಿನಲ್ಲಿ ಬಂದು ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತಾಳೆ. ಮೆಟ್ಟಿಲ ಮೇಲೆ ಕೂರಿಸಿ ಕೈಗೆ ಗಡಿಯಾರ ಕೊಡುತ್ತಾಳೆ. ಅವಳೂ ಲ್ಯಾಬ್ ಅಕ್ಕನೂ ಸುತ್ತು ಹಾಕುತ್ತಾರೆ, ನಾನು ಹೊತ್ತು ಹೇಳುತ್ತೇನೆ. ಲ್ಯಾಬ್ ಅಕ್ಕ ಆಸ್ಪತ್ರೆಯಲ್ಲಿ ದಿನಕ್ಕೆ ಎಂಬತ್ತು ಜನರ ರಕ್ತ ತೆಗೆಯುವವಳು, ಆದರೂ ನನ್ನ ಹೊಲಿಗೆಯ ಗುರುತು ನೋಡಿ ಮುಖ ತಿರುಗಿಸಿದಳು. "ಕೂತಲ್ಲೇ ಕೈ ಬೀಸ್ರೀ, ಕೈಯಾದ್ರೂ ಓಡ್ಲಿ" ಎಂದಳು ಟೈಲರಮ್ಮ. ಬೀಸಿದೆ. ನಡೆದಾಡಲು ಬಂದವರೆಲ್ಲ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಒಂದು ಮಾತು ಕೇಳಲಾ? ಆ ಬೆಳಿಗ್ಗೆ ಮುಂದೆ ಓಡುತ್ತಿದ್ದವಳು ನೀನು. ನಿನ್ನ ಹಿಂದೆ ನಾನು, ಅವರಿಬ್ಬರು ಎಷ್ಟೋ ಹಿಂದೆ. ಮುಂದಿರುವವರು ಏನು ಕಂಡರೂ ಕೂಗಿ ಹೇಳಬೇಕು ಅನ್ನುವುದು ನಾವು ನಾಲ್ವರೂ ಮಾಡಿಕೊಂಡ ಕಟ್ಟುಪಾಡು. ಆ ಮುಚ್ಚಳವಿಲ್ಲದ ಚರಂಡಿಗುಂಡಿ ನಿನಗೆ ಕಾಣಿಸಲಿಲ್ಲವಾ? ತಪ್ಪು ಹೊರಿಸುತ್ತಿಲ್ಲ. ನನಗೆ ಸರಿಯಾಗಿ ನೆನಪಿಲ್ಲ, ಅದಕ್ಕೇ ಕೇಳಿದೆ. ಏನಿದ್ದರೂ ಬರೆ.

ಅತ್ತಿಗೆ


ಜುಲೈ 13

ಅತ್ತಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಕಚೇರಿಯಲ್ಲಿ ತಪಾಸಣೆ ಇತ್ತು, ಎರಡು ವಾರ ಉಸಿರಾಡಲು ಬಿಡಲಿಲ್ಲ.

ನೀವು ಕೇಳಿದ್ದು. ಆ ಕಂಬದ ದೀಪ ಕೆಟ್ಟಿತ್ತಲ್ಲ ಅತ್ತಿಗೆ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನನಗೂ ಗುಂಡಿ ಕಾಣಲಿಲ್ಲ. ಅದೃಷ್ಟಕ್ಕೆ ನನ್ನ ಹೆಜ್ಜೆ ಪಕ್ಕಕ್ಕೆ ಬಿತ್ತು. ಕಂಡಿದ್ದರೆ ಕೂಗದೇ ಇರುತ್ತಿದ್ದೆನೇ? ನೀವು ಬಿದ್ದ ಸದ್ದು ಕೇಳಿದ ಮೇಲೇ ನಾನು ತಿರುಗಿ ನೋಡಿದ್ದು.

ಟವೆಲಿನ ವಿಷಯ ಓದಿ ನಗು ಬಂತು. ಅಂಥ ಮೀಸೆಯವರ ಕೈಗೆ ಸಿಕ್ಕರೆ ಕಾಲು ಹೆದರಿಯೇ ವಾಸಿಯಾಗುತ್ತದೆ. ಇಲ್ಲಿ ಕಾಲುವೆ ದಂಡೆಯ ಮೇಲೆ ಓಡಲು ಒಳ್ಳೆಯ ಮಣ್ಣಿನ ದಾರಿ ಇದೆ. ನಮ್ಮ ಕಚೇರಿಯ ಸರ್ವೇಯರ್ ಒಬ್ಬರು ದಿನಾ ಓಡುತ್ತಾರೆ, ಎರಡು ದಿನ ನಾನೂ ಜೊತೆಗೆ ಹೋದೆ. ನೀವಿಲ್ಲದೆ ಮಜಾ ಇಲ್ಲ.

ನಿಮ್ಮ ನಾದಿನಿ


ಆಗಸ್ಟ್ 2

ಕಡ್ಡಿಗೆ,

ಹೌದು, ದೀಪ ಕೆಟ್ಟಿತ್ತು. ನೀನು ಬರೆದ ಮೇಲೆ ನೆನಪಾಯಿತು. ಒಳ್ಳೆಯದಾಯಿತು ಬಿಡು, ತಲೆಯಲ್ಲಿ ಹುಳ ಕೊರೆಯುತ್ತಿತ್ತು.

ಇಲ್ಲಿ ಸ್ಥಿತಿ ಚೆನ್ನಾಗಿಲ್ಲ. ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಹೋದ ವಾರ ಹೊಲಿಗೆಯ ಹತ್ತಿರ ಬಿಸಿಯಾಯಿತು, ಆಮೇಲೆ ಕೀವು. ಕೀವು ಮೂಳೆಗೆ ಇಳಿದಿರಬಹುದು ಅನ್ನುತ್ತಾರೆ. ಯಾವ ಔಷಧಿಯನ್ನು ಯಾವಾಗ ಬರೆಯುತ್ತಾರೆ ಅಂತ ಗೊತ್ತಿರುವವಳು ನಾನು. ಚೀಟಿ ನೋಡಿದ ಕೂಡಲೇ ಮಡಿಸಿ ಚೀಲದ ತಳಕ್ಕೆ ಹಾಕಿಕೊಂಡೆ.

ನೀನು ಓಡುತ್ತಿರುವುದು ಕೇಳಿ ಸಂತೋಷ. ನನ್ನ ಪಾಲಿನದ್ದನ್ನೂ ಓಡು. ಬರುತ್ತೇನೆ ಅಂತ ಮಾತ್ರ ಹೊರಡಬೇಡ, ಈ ಕಾಲನ್ನು ಯಾರಿಗೂ ತೋರಿಸಲು ನನಗೆ ಮನಸ್ಸಿಲ್ಲ.

ಅತ್ತಿಗೆ


ಆಗಸ್ಟ್ 10

ಅತ್ತಿಗೆ,

ಕಾಗದ ಓದಿ ಊಟ ಸೇರಲಿಲ್ಲ. ಬೇರೆ ಡಾಕ್ಟರಿಗೆ ತೋರಿಸಿ. ರಜೆ ಹಾಕಿ ಬರಲಾ? ನೀವು ಬೇಡ ಅಂದಿದ್ದೀರಿ, ಆದರೂ ಹೇಳಿ, ಒಂದು ಸಾಲು ಬರೆದರೆ ಸಾಕು, ಮರುದಿನವೇ ಹೊರಡುತ್ತೇನೆ.

ನಿಮ್ಮ ಪಾಲಿನದ್ದನ್ನು ಓಡು ಅಂದಿರಿ. ಓಡಲಾರೆ. ಶೂಗಳನ್ನು ಚೀಲಕ್ಕೆ ಹಾಕಿ ಕಪಾಟಿನ ಮೇಲೆ ಎಸೆದೆ. ನೀವು ಓಡುವ ದಿನ ಅವನ್ನು ಇಳಿಸುತ್ತೇನೆ, ಅಲ್ಲಿಯವರೆಗೆ ಇಲ್ಲ. ಸರ್ವೇಯರ್ ಬೆಳಿಗ್ಗೆ ಕೆಳಗಡೆ ನಿಂತು ಕಾದರಂತೆ. ಕಚೇರಿಯಲ್ಲಿ ಕೇಳಿದರು, "ಯಾಕ್ರೀ, ಹುಷಾರಿಲ್ವಾ?" ನಮ್ಮತ್ತಿಗೆಗೆ ಹುಷಾರಿಲ್ಲ ಎಂದೆ. ನಿಮಗೆ ಹುಷಾರಿಲ್ಲದಿದ್ದರೆ ನಾನು ಯಾಕೆ ಓಡಬಾರದು ಎಂದು ಅವರು ಕೇಳಲಿಲ್ಲ. ಒಳ್ಳೆಯವರು.

ನಿಮ್ಮ ನಾದಿನಿ


ಸೆಪ್ಟೆಂಬರ್ 21

ಕಡ್ಡಿಗೆ,

ಮೂಳೆ ಕೂಡಿಲ್ಲವಂತೆ. ಎಕ್ಸ್‌ರೇ ಹಿಡಿದು ಡಾಕ್ಟರು ಬಹಳ ಹೊತ್ತು ಕಿಟಕಿಯ ಕಡೆಗೇ ತಿರುಗಿಕೊಂಡಿದ್ದರು. ಆಮೇಲೆ, "ಇನ್ನು ಓಡೋದನ್ನ ಮರೆತುಬಿಡಿ. ನಡೆಯೋದು ಎಷ್ಟಾಗುತ್ತೋ ನೋಡೋಣ" ಅಂದರು.

ಅಂಗಡಿಯಲ್ಲಿ ಯಜಮಾನರು ಸ್ಟೂಲು ಕೊಟ್ಟಿದ್ದಾರೆ. ಮೇಲಿನ ಎರಡು ಶೆಲ್ಫುಗಳ ಔಷಧಿ ಕೈಗೆ ಎಟುಕುವುದಿಲ್ಲ, ಗಿರಾಕಿಗಳೇ ಕೌಂಟರಿನೊಳಗೆ ಬಂದು ತೆಗೆದುಕೊಡುತ್ತಾರೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೋ. ಟೈಲರಮ್ಮ, ಲ್ಯಾಬ್ ಅಕ್ಕ ಈಗ ಬರುವುದಿಲ್ಲ. ಕುಂಟಿಯ ಜೊತೆ ಅವರಿಗೇನು ಮಾತು. ನೀನೂ ಅವರಿಗೆ ಬರೆದು ನನ್ನ ವಿಷಯ ಕೇಳಲು ಹೋಗಬೇಡ, ಅಷ್ಟು ಮರ್ಯಾದೆಯಾದರೂ ಉಳಿಯಲಿ.

ಮೊನ್ನೆ ಚರಂಡಿಯ ಕೆಲಸದವನು ಅಂಗಡಿಗೆ ಬಂದಿದ್ದ. ನಾನು ಬೀಳುವ ಹೊತ್ತಿಗೆ ಆ ಬೀದಿಯಲ್ಲಿ ಮುಚ್ಚಳ ಹೋಗಿ ಎಂಟು ದಿನವಾಗಿತ್ತು, ದಿನಾ ಹೋಗಿ ಬರುವವರಿಗೆಲ್ಲ ಗೊತ್ತಿತ್ತು ಅಂದ. ನನಗೆ ಗೊತ್ತಿರಲಿಲ್ಲ, ಅದಕ್ಕೆ ಮುಂಚೆ ನಾನು ಹತ್ತು ದಿನ ಆ ಕಡೆಗೇ ಹೋಗಿರಲಿಲ್ಲ. ನಿನಗೆ ಗೊತ್ತಿತ್ತಾ ಕಡ್ಡಿ?

ಅತ್ತಿಗೆ


ಅಕ್ಟೋಬರ್ 15

ಅತ್ತಿಗೆ,

ನನಗೆ ಗೊತ್ತಿರಲಿಲ್ಲ.

ಇನ್ನೊಂದು ವಿಷಯ ಬರೆಯಬೇಕು. ನಿಮ್ಮ ನೋವಿನ ನಡುವೆ ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಅಣ್ಣನೂ ಇಲ್ಲ, ಅಮ್ಮನೂ ಇಲ್ಲ, ಕೇಳಲು ನೀವೊಬ್ಬರೇ.

ಸರ್ವೇಯರ್ ನನ್ನನ್ನು ಮದುವೆಯಾಗುತ್ತೇನೆ ಎಂದಿದ್ದಾರೆ. ವಯಸ್ಸು ಐವತ್ತೊಂದು. ಹೆಂಡತಿ ತೀರಿ ಆರು ವರ್ಷ, ಮಕ್ಕಳಿಲ್ಲ. ಜಮೀನು ಅಳೆದು ಅಳೆದು ಮುಖ ಸುಟ್ಟ ಹಂಚಿನ ಹಾಗಾಗಿದೆ, ಕೂದಲಿಗೆ ಮಾತ್ರ ಬಣ್ಣ ಹಚ್ಚುವುದಿಲ್ಲ. ಹೇಳಿದ್ದೂ ಎಲ್ಲಿ ಗೊತ್ತೇ, ನನ್ನ ಮೇಜಿನ ಪಕ್ಕದ ಕಕ್ಕಸಿನ ಗೋಡೆಗೆ ಒರಗಿಕೊಂಡು. "ನಾನೇನು ಹುಡುಗ ಅಲ್ಲ, ನೀವೇನು ಹುಡುಗಿ ಅಲ್ಲ. ಸಂಜೆ ಹೊತ್ತು ಮಾತಾಡೋಕೆ ಒಬ್ಬರು ಬೇಕು ಅನ್ಸುತ್ತೆ. ನಿಮಗೂ ಹಂಗನ್ಸಿದ್ರೆ ಹೇಳಿ, ಅವಸರ ಇಲ್ಲ" ಎಂದರು. ಅಮ್ಮನ ಹಾಸಿಗೆ ಪಕ್ಕದಲ್ಲೇ ನನ್ನ ಮೂವತ್ತು ಕಳೆಯಿತು, ನಲವತ್ತೂ ಕಳೆಯಿತು. ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ ಅತ್ತಿಗೆ. ಆವತ್ತು ಒಂದು ಇಡೀ ಹಳ್ಳಿಯ ಗಡಿಗೆರೆಯನ್ನು ತಪ್ಪು ಎಳೆದುಬಿಟ್ಟೆ.

ಆದರೆ ಅವರಿಗೆ ಮುಂದಿನ ವರ್ಷ ವರ್ಗವಾಗುತ್ತದೆ, ಬಹಳ ದೂರ. ನಾನು ಹೋದರೆ ನಿಮ್ಮನ್ನು ನೋಡಿಕೊಳ್ಳುವವರು ಯಾರು? ನೀವು ಹೂಂ ಅಂದರೆ ಹೂಂ, ಬೇಡ ಅಂದರೆ ಬೇಡ.

ನಿಮ್ಮ ನಾದಿನಿ


ನವೆಂಬರ್ 3

ನನ್ನ ಕಡ್ಡಿಗೆ,

ಓದಿ ಕಣ್ಣು ತುಂಬಿತು. ನಿನ್ನಣ್ಣ ಇದ್ದಿದ್ದರೆ ಕುಣಿದಾಡುತ್ತಿದ್ದರು.

ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ. ನಾನು ಹೇಗೋ ಇರುತ್ತೇನೆ. ಹೋದ ಮಂಗಳವಾರ ಬಚ್ಚಲಲ್ಲಿ ಬಿದ್ದೆ. ದೊಡ್ಡದೇನಲ್ಲ. ಎದ್ದುಕೊಳ್ಳಲು ಆಗದೆ ಪಕ್ಕದ ಮನೆಯವರು ಬರುವವರೆಗೆ ಮೂರು ಗಂಟೆ ನೆಲದ ಮೇಲೇ ಇದ್ದೆ. ಇಂಥದ್ದಕ್ಕೆಲ್ಲ ಹೆದರಿ ನೀನು ನಿನ್ನ ಸುಖ ಬಿಡಬಾರದು. ಬೇಡ ಅಂತ ಹೇಳಲು ನಾನು ಯಾರು? ನಿನ್ನ ಮನಸ್ಸಾಕ್ಷಿ ಏನು ಹೇಳುತ್ತದೋ ಹಾಗೆ ಮಾಡು.

ಅತ್ತಿಗೆ


ನವೆಂಬರ್ 27

ಅತ್ತಿಗೆ,

ಅವರಿಗೆ ಇಲ್ಲ ಎಂದೆ. ಕಾರಣ ಕೇಳಿದರು, ನನಗೆ ಒಂದು ಹೊಣೆ ಇದೆ ಎಂದೆ. "ಹೊಣೆ ಇಬ್ಬರೂ ಸೇರಿ ಹೊರೋಣ" ಎಂದರು. ಅದು ನಾನೊಬ್ಬಳೇ ಹೊರಬೇಕಾದದ್ದು ಎಂದೆ. 

ನೀವು ಇನ್ನು ಒಬ್ಬರೇ ಇರುವುದು ಬೇಡ. ನೆಲ ಅಂತಸ್ತಿನಲ್ಲಿ ಒಂದು ಮನೆ ಹಿಡಿದಿದ್ದೇನೆ, ಎರಡು ಕೋಣೆ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲಿನ ಸರಳು ಹಾಕಿಸಿದೆ. ಮುಂದೆ ಗಾಲಿಕುರ್ಚಿ ಬೇಕಾದರೆ ಎಂದು ಬಾಗಿಲಿನ ಅಗಲವನ್ನು ನಾನೇ ಅಳೆದೆ. ಬೇಸಿಗೆ ಹೊತ್ತಿಗೆ ಬಂದುಬಿಡಿ.

ನಿಮ್ಮ ನಾದಿನಿ


ಜನವರಿ 12

ಕಡ್ಡಿಗೆ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಏನು ಬರೆಯಲಿ ಅಂತ ತಿಳಿಯಲಿಲ್ಲ. ಎಷ್ಟು ಒಳ್ಳೆಯವಳು ನೀನು. ಮನೆ ಬಿಟ್ಟು ಬರುವುದನ್ನು ನೋಡೋಣ, ಈಗಲೇ ಏನೂ ಹೇಳಲಾರೆ. ಕಾಲು ಹಾಗೇ ಇದೆ.

ಅತ್ತಿಗೆ


ಫೆಬ್ರವರಿ 18

ಅತ್ತಿಗೆ,

ಹೋದ ಭಾನುವಾರ ಬಂದಿದ್ದೆ. ಹೇಳದೆ ಬಂದೆ. ನಿಮ್ಮೆದುರು ನಿಂತು ಒಂದು ಮಾತು ಹೇಳಬೇಕಿತ್ತು, ಕಾಗದದಲ್ಲಿ ಬರೆಯಲು ಎಂದೂ ಕೈ ಬಂದಿರಲಿಲ್ಲ.

ಬೆಳಗಿನ ಬಸ್ಸಿಳಿದು ಕೆರೆಯ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಕೈಯಲ್ಲಿ ನಿಮಗೆಂದು ತಂದ ಊರುಗೋಲು ಇತ್ತು, ಹಗುರದ್ದು, ತುದಿಗೆ ರಬ್ಬರ್ ಇರುವಂಥದ್ದು. ಎದುರಿನಿಂದ ಮೂವರು ಹೆಂಗಸರು ಓಡಿಬಂದರು. ಹಿಂದೆ ಲ್ಯಾಬ್ ಅಕ್ಕ, ನಡುವೆ ಟೈಲರಮ್ಮ. ಮುಂದೆ ನೀವು. ಹಳದಿ ಅಂಗಿ ಹಾಕಿದ್ದಿರಿ. ಟೈಲರಮ್ಮ ಏನೋ ಅಂದಳು, ನೀವು ಓಡುತ್ತಲೇ ಜೋರಾಗಿ ನಕ್ಕಿರಿ. ನಾನು ಹಾಲಿನ ಬೂತಿನ ಹಿಂದೆ ಸರಿದು ನಿಂತೆ. ಸುಳ್ಳು ಹೇಳಿದವರು ನೀವು, ಬಚ್ಚಿಟ್ಟುಕೊಂಡವಳು ನಾನು.

ಮೊದಲು ಸಂತೋಷವಾಯಿತು. ದೇವರಾಣೆಗೂ ಅತ್ತಿಗೆ, ನಮ್ಮತ್ತಿಗೆ ಓಡುತ್ತಿದ್ದಾರೆ ಎಂದು ಕೂಗಿಬಿಡುವಷ್ಟು ಸಂತೋಷ. ಆಮೇಲೆ ಒಂದೊಂದೇ ಕಾಗದ ನೆನಪಾಯಿತು. ಊರುಗೋಲನ್ನು ಬೂತಿಗೆ ಒರಗಿಸಿ ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು.

ಹೇಳಲು ಬಂದದ್ದನ್ನು ಈಗ ಬರೆಯುತ್ತೇನೆ. ಗುಂಡಿ ನನಗೆ ಕಂಡಿತ್ತು. ಮೂರು ದಿನದಿಂದ ಗೊತ್ತಿತ್ತು. ನಲವತ್ತು ದಾಟಿದವರ ರಿಲೇಗೆ ಮೂವರೇ ಬೇಕಿತ್ತು, ನಾವು ನಾಲ್ವರಿದ್ದೆವು, ಉಳಿದವಳು ನಾನು. ಅದಕ್ಕೆ ನಾನು ಅಷ್ಟು ನೊಂದಿರಲಿಲ್ಲ. ಆದರೆ ಅದರ ಹಿಂದಿನ ಭಾನುವಾರ ನೀವು ಎಲ್ಲರೆದುರು, "ನಮ್ಮ ಕಡ್ಡಿ ಬರ್ಲಿ ಬಿಡ್ರೀ, ನೀರಿನ ಬಾಟಲಿ ಹೊರೋಕೆ ಒಬ್ಬರು ಬೇಕಲ್ಲ" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಇಡೀ ವಾರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಗುಂಡಿಯ ಹತ್ತಿರ ಬಂದಾಗ ಬಾಯಿ ತೆರೆದೆ, ಕೂಗಲಿಲ್ಲ. ಬಿದ್ದರೆ ಮಂಡಿ ತರಚುತ್ತದೆ, ಒಂದು ವಾರ ಮನೆಯಲ್ಲಿ ಕೂರುತ್ತಾರೆ ಎಂದುಕೊಂಡೆ. ಮೂಳೆ ಮುರಿದ ಸದ್ದು ನನಗೂ ಕೇಳಿತು. ವರ್ಗದ ಆರ್ಡರು ತಾನಾಗಿ ಬಂದದ್ದಲ್ಲ, ನಾನೇ ಅರ್ಜಿ ಹಾಕಿದ್ದು.

ಸರ್ವೇಯರ್ ಈ ತಿಂಗಳ ಮೊದಲ ವಾರ ವರ್ಗವಾಗಿ ಹೋದರು. ಕೊನೆಯ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತರು. "ನಿಮ್ಮತ್ತಿಗೆ ಕಾಲು ಬೇಗ ವಾಸಿಯಾಗ್ಲಿ" ಎಂದರು.

ನಾದಿನಿ


ಮಾರ್ಚ್ 2

ಕಡ್ಡಿಗೆ,

ನೀನು ನೋಡಿದ್ದು ನಿಜ.

ನಾನೂ ನೋಡಿದ್ದೆ. ಆ ಬೆಳಿಗ್ಗೆ ಕಂಬದ ದೀಪ ಉರಿಯುತ್ತಿತ್ತು. ನಿನ್ನ ಹೆಜ್ಜೆ ಇದ್ದಕ್ಕಿದ್ದಂತೆ ಉದ್ದವಾಯಿತು, ಏನನ್ನೋ ದಾಟುವ ಹಾಗೆ. ಆಮೇಲೆ ನೀನು ತಿರುಗಿ ನೋಡಿದೆ. ನಾನು ಬೀಳುವುದಕ್ಕೆ ಮುಂಚೆ. ಆಸ್ಪತ್ರೆಯಲ್ಲಿ, ಮನೆಯಲ್ಲಿ, ನೀನು ನನ್ನ ತಲೆ ಬಾಚುವಾಗ, ನನಗೆ ಊಟ ತರುವಾಗ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ಕಾದೆ. ನೀನು ಗಂಟುಮೂಟೆ ಕಟ್ಟಿಕೊಂಡು ಹೋದೆ. ಜೂನ್‌ನಲ್ಲಿ ನಾನೇ ಕೇಳಿದೆ. ಹೌದು ಅಂದಿದ್ದರೆ ಒಂದು ವಾರ ಬೈದು, ಅತ್ತು, ಮುಗಿಸುತ್ತಿದ್ದೆ. ನೀನು ದೀಪ ಕೆಟ್ಟಿತ್ತು ಅಂತ ಬರೆದೆ. ಆವತ್ತೇ ನಾನೂ ಸುಳ್ಳು ಬರೆಯಲು ಕೂತೆ.

ಇಪ್ಪತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತವಳಿಗೆ ಕಾಯಿಲೆ ಹುಟ್ಟಿಸುವುದು ಕಷ್ಟವಲ್ಲ. ಕೀವು ಒಬ್ಬ ಮುದುಕನದ್ದು. ಕೂಡದ ಮೂಳೆ ಒಬ್ಬ ಲಾರಿ ಡ್ರೈವರನದ್ದು. ಬಚ್ಚಲಲ್ಲಿ ಬಿದ್ದವಳು ಪಕ್ಕದ ಬೀದಿಯ ಅಜ್ಜಿ. ನನ್ನ ಗಾಯ ಚಂದವಾಗಿ ಒಣಗಿತ್ತು. ಊರುಗೋಲು ಬಿಟ್ಟದ್ದು ಜುಲೈನಲ್ಲಿ. ನೀನು ಶೂ ಎಸೆದೆ ಅಂತ ಬರೆದ ಮರುವಾರ ನಾನು ಮೊದಲ ಸಲ ಓಡಿದೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಟೈಲರಮ್ಮ ಪಕ್ಕದಲ್ಲೇ ಓಡುತ್ತಾ ಹೊಲಿಗೆ ಎಣಿಸುವ ಹಾಗೆ ಗಟ್ಟಿಯಾಗಿ ಎಣಿಸಿದಳು. ಎಣಿಕೆ ಐವತ್ತೆಂಟು ತಲುಪುವಷ್ಟರಲ್ಲಿ ಅವಳಿಗೇ ಏದುಸಿರು ಬಂತು. "ನಿಮ್ಮ ಕಾಲಿಗೆ ಸ್ಕ್ರೂ ಹಾಕಿದಾರೆ, ನನ್ನ ಮಂಡಿಗೂ ಎರಡು ಹಾಕ್ಸಿ" ಅಂದಳು. ಲ್ಯಾಬ್ ಅಕ್ಕನಿಗೆ ಈಗ ಮೈ ಬಿಸಿಯಾಗಿ ಬೆವರುವ ಕಾಲ, ಅರ್ಧ ದಾರಿಯಲ್ಲಿ ನಿಂತು ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಾಳೆ, ನಾವಿಬ್ಬರೂ ಅಲ್ಲೇ ಕುಣಿಯುತ್ತಾ ಕಾಯುತ್ತೇವೆ. ಮೂವರಿಗೂ ಸೇರಿ ನೂರ ನಲವತ್ತೊಂಬತ್ತು ವರ್ಷ. ನನ್ನ ಜೀವನದಲ್ಲಿ ಅಷ್ಟು ಸಂತೋಷವಾಗಿ ನಾನು ಎಂದೂ ಇರಲಿಲ್ಲ ಕಡ್ಡಿ. ನಿನ್ನಣ್ಣ ಹೋದ ಮೇಲಂತೂ ಇಲ್ಲ. ಓಡಿ ಮನೆಗೆ ಬಂದು, ಸ್ನಾನ ಮಾಡಿ, ಕಾಫಿ ಕುಡಿದು, ನಿನಗೆ ನನ್ನ ನೋವಿನ ಕಾಗದ ಬರೆಯುತ್ತಿದ್ದೆ. ಅದೂ ಸಂತೋಷವೇ ಆಗಿತ್ತು. ಮುಚ್ಚಿಡುವುದಿಲ್ಲ.

ನಾದಿನಿಗೆ ಓಡಿ ತೋರಿಸಿ ಆಶ್ಚರ್ಯಪಡಿಸಬೇಕು, ಯಾರೂ ಹೇಳಬೇಡಿ ಅಂತ ಅವರಿಬ್ಬರ ಬಾಯಿ ಕಟ್ಟಿದ್ದೆ.

ಸರ್ವೇಯರ ವಿಷಯ. ನಿನ್ನ ಆ ಕಾಗದ ಬಂದ ದಿನ ಐದು ಕಿಲೋಮೀಟರ್ ನಿಲ್ಲದೆ ಓಡಿ ಬಂದಿದ್ದೆ. ಬೆವರಿದ ಕೈಯಲ್ಲೇ ಒಡೆದೆ. ಮೂರು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ, ಕಣ್ಣು ಮುಚ್ಚಿಕೊಂಡು ಹೂಂ ಅನ್ನು, ಅಂತ ಇತ್ತು. ಎರಡನೆಯದರಲ್ಲಿ ಎಲ್ಲ ನಿಜವೂ ಇತ್ತು. ಆಮೇಲೆ ನಿನ್ನ ಕಾಗದದ ಮೊದಲ ಸಾಲಿಗೆ ಮತ್ತೆ ಕಣ್ಣು ಬಿತ್ತು. "ನನಗೆ ಗೊತ್ತಿರಲಿಲ್ಲ." ನಾಲ್ಕನೆಯದನ್ನು ಪೋಸ್ಟ್ ಮಾಡಿದೆ.

ಅತ್ತಿಗೆ


ಏಪ್ರಿಲ್ 14

ಕಡ್ಡಿ,

ಆರು ವಾರವಾಯಿತು. ಬೈದಾದರೂ ಬರೆ.

ಟೈಲರಮ್ಮನಿಗೆ ಎಲ್ಲ ಹೇಳಿದೆ. ಹೇಳದೆ ಇರಲಾಗಲಿಲ್ಲ. ನೀನು ಮಾಡಿದ್ದನ್ನೂ ಹೇಳಿದೆ, ನಾನು ಮಾಡಿದ್ದನ್ನೂ ಹೇಳಿದೆ. ನನ್ನ ಕಡೆ ಮಾತಾಡುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಮಿಷನ್ನಿನ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. "ಅವಳದ್ದು ಒಂದು ಗಳಿಗೆ. ನಿಮ್ಮದು ಏಳು ತಿಂಗಳು. ನನಗೆ ನಿಮ್ಮನ್ನ ಕಂಡ್ರೆ ಹೆದರಿಕೆ ಆಗುತ್ತೆ ಕಣ್ರೀ" ಅಂದಳು. ಮರುಭಾನುವಾರ ಮೈದಾನಕ್ಕೆ ಹೋದೆ. ಅವರಿಬ್ಬರೂ ಬರಲಿಲ್ಲ. ಅದರ ಮುಂದಿನ ವಾರ ಬಂದಿದ್ದರು, ನನ್ನನ್ನು ಕಂಡು ಇನ್ನೊಂದು ಗೇಟಿನಿಂದ ಹೊರಟುಹೋದರು. ಈಗ ಒಬ್ಬಳೇ ಓಡುತ್ತೇನೆ. ಕಾಲು ಚೆನ್ನಾಗಿದೆ.

ಸರ್ವೇಯರ ವಿಳಾಸ ಕಳಿಸು. ನಾನೇ ಅವರಿಗೆ ಬರೆದು ನಿಜ ಹೇಳುತ್ತೇನೆ.

ಅತ್ತಿಗೆ


ಮೇ 22, ನಿನ್ನ ಮನೆಯ ಬಾಗಿಲು

ಕಡ್ಡಿ,

ಬಾಗಿಲು ತಟ್ಟಿ ಸಾಕಾಯಿತು. ನೀನು ಒಳಗಿದ್ದೀಯ. ನಾನು "ಕಡ್ಡಿ" ಅಂದ ಕೂಡಲೇ ಒಳಗೆ ಸುರಿಯುತ್ತಿದ್ದ ನಲ್ಲಿ ನಿಂತಿತು. ಚಪ್ಪಲಿ ಹೊರಗೇ ಇವೆ. ಚೀಲದಲ್ಲಿ ಅಂಗಡಿಯ ಬಿಲ್ಲುಪುಸ್ತಕ ಇತ್ತು, ಅದರ ಹಾಳೆಗಳ ಬೆನ್ನ ಮೇಲೆ ಬರೆಯುತ್ತಿದ್ದೇನೆ. ಬಾಗಿಲ ಕೆಳಗೆ ತೂರಿಸುತ್ತೇನೆ.

ಮೆಟ್ಟಿಲ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಕಟ್ಟಿಸಿದ್ದೀಯ. ಅದನ್ನು ನೀನು ಬರೆದಿರಲಿಲ್ಲ. ಗಾಲಿಕುರ್ಚಿ ಜಾರದ ಹಾಗೆ ಗೆರೆಗೆರೆ ಎಳೆಸಿದ್ದೀಯ. ಆ ಗೆರೆಗಳನ್ನು ನೀನೇ ಎಳೆದಿರಬೇಕು, ಅಷ್ಟು ನೇರ ಯಾವ ಮೇಸ್ತ್ರಿಯೂ ಎಳೆಯುವುದಿಲ್ಲ. ಎರಡು ಕಾಲಿನಲ್ಲಿ ಅದರ ಮೇಲೆ ಹತ್ತಿ ಬಂದೆ. ನನ್ನ ಕಣಕಾಲು ಮುರಿದಾಗ ಆಗದ ನೋವು ಈಗ ಆಯಿತು ಅಂತ ಬರೆದರೆ ನೀನು ನಂಬಬೇಕಾಗಿಲ್ಲ.

ಕ್ಷಮಿಸು ಅಂತ ಕೇಳಲು ಬಂದಿಲ್ಲ. ನಾನೂ ನಿನ್ನನ್ನು ಕ್ಷಮಿಸಿಲ್ಲ. ಎಷ್ಟು ಸಲ ಪ್ರಯತ್ನಪಟ್ಟರೂ ನೀನು ತಿರುಗಿ ನೋಡಿದ ಮುಖವೇ ಎದುರಿಗೆ ಬರುತ್ತದೆ. ನಿನಗೂ ನನ್ನ ಕಾಗದಗಳು ಹಾಗೇ ಬರುತ್ತಿರಬಹುದು. ಇರಲಿ. ಇಬ್ಬರಿಗೂ ಗೊತ್ತಿರುವುದನ್ನು ಇಟ್ಟುಕೊಂಡೇ ಒಂದು ಲೋಟ ನೀರು ಕುಡಿಯಬಹುದಲ್ಲ. ನಿನ್ನಣ್ಣ ಇಲ್ಲ, ನಮಗೆ ಮಕ್ಕಳಾಗಲಿಲ್ಲ, ತವರಿನವರು ಯಾರೂ ಉಳಿದಿಲ್ಲ. ನನ್ನನ್ನು ಅತ್ತಿಗೆ ಅಂತ ಕರೆಯುವವರು ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಒಂದು ಸಲ ಕರೆ. ಬಾಗಿಲು ತೆಗೆಯದಿದ್ದರೂ ಪರವಾಗಿಲ್ಲ, ಒಳಗಿನಿಂದಲೇ ಕರೆ.

ನಾಲ್ಕು ಗಂಟೆಗೆ ವಾಪಸು ಬಸ್ಸು. ಅಲ್ಲಿಯವರೆಗೆ ಇಲ್ಲೇ ಕೂತಿರುತ್ತೇನೆ.

ಅತ್ತಿಗೆ


ಮೇ 22

ನಾಲ್ಕರ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ಮೂರಕ್ಕೆ ಇನ್ನೊಂದಿದೆ, ಅದಕ್ಕೆ ಹೊರಡಿ.